ಚಕ್ಕುಬಂದಿ ಇಲ್ಲದ ಮನೆ

ನನ್ನ ಗಂಡ ದೋಣಿಯ ಮಾತು ಮೊದಲ ಸಲ ಎತ್ತಿದ್ದು ಒಂದು ಭಾನುವಾರ ಬೆಳಿಗ್ಗೆ, ನಾನು ರೊಟ್ಟಿ ಬಡಿಯುತ್ತಿದ್ದಾಗ. ಐವತ್ತೈದು ತುಂಬಿದ ಮೇಲೆ ನೌಕರಿ ಬಿಡುತ್ತಾರಂತೆ. ಕೇರಳದ ಯಾವುದೋ ಕಾಲುವೆಯಲ್ಲಿ ನಿಂತಿರುವ, ಹಿಂದೆ ಭತ್ತ ಸಾಗಿಸುತ್ತಿದ್ದ ಹಳೆಯ ದೋಣಿಯೊಂದರಲ್ಲಿ ಹೋಗಿ ಇರುತ್ತಾರಂತೆ. ಜೊತೆಗೆ ನಾನೂ ಇರಬೇಕಂತೆ. ಹಿಟ್ಟಿನ ಕೈಯಲ್ಲೇ ತಿರುಗಿ ನಿಂತು, ತಲೆಗಿಲೆ ಕೆಟ್ಟಿದೆಯೇ ಎಂದು ಕೇಳಿದೆ. ಇಲ್ಲ ಎಂದರು, ಅಷ್ಟೇ. ಈ ಮನುಷ್ಯನ ಜೊತೆ ಜಗಳವಾಡುವುದೇ ದೊಡ್ಡ ಕಷ್ಟ. ಎದುರು ಮಾತಾಡಿದರೆ ತಾನೇ ಜಗಳ ಮುಂದೆ ಹೋಗುವುದು?

ಇವರ ಹೆಸರು ಶಶಿಧರ. ಖಾನಾಪುರದಲ್ಲಿ ಭೂಮಾಪಕರು, ಜನ ಕರೆಯುವುದು ಸರ್ವೇಯರ್ ಸಾಹೇಬರು ಎಂದು. ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ, ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಾರೆ. ನಾನು ಪೂರ್ಣಿಮಾ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿದವಳು. ನನ್ನ ಸಿಟ್ಟು ಆ ಶಾಲೆಯ ಗೋಡೆಗಳಿಗೂ ಗೊತ್ತು. ಒಬ್ಬಳೇ ಮಗಳು ಸಮೃದ್ಧಿ ಮದುವೆಯಾಗಿ ಧಾರವಾಡದಲ್ಲಿದ್ದಾಳೆ.

ಈ ಹುಚ್ಚು ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತು. ಗುಂಜಿಯ ಹತ್ತಿರ ಸಾತಪ್ಪ, ತಮ್ಮಣ್ಣ ಎಂಬ ಅಣ್ಣತಮ್ಮಂದಿರಿದ್ದಾರೆ. ಇಬ್ಬರ ಹೊಲದ ನಡುವೆ ಒಂದು ಬದು. ಅದು ಒಂದೂವರೆ ಅಡಿ ಆ ಕಡೆಗೋ ಈ ಕಡೆಗೋ ಎಂಬ ಜಗಳಕ್ಕೆ ಇವರು ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಅಳತೆ ಮಾಡಿದ್ದಾರೆ. ನಾಲ್ಕನೆಯ ಸಲ ಹೋದಾಗ ಸಾತಪ್ಪನಿಗೆ ಲಕ್ವ ಹೊಡೆದಿತ್ತಂತೆ. ಎದ್ದು ನಿಲ್ಲಲಾಗದ ಮನುಷ್ಯ ಮಂಚದ ಸಮೇತ ಹೊಲಕ್ಕೆ ಹೊರಿಸಿಕೊಂಡು ಬಂದು, ಎಲ್ಲೆ ತೋರಿಸುವ ಬಾಂದು ಕಲ್ಲಿನ ಪಕ್ಕದಲ್ಲಿ ಮಲಗಿ, ಅದು ಅತ್ತಿತ್ತ ಸರಿಯದಂತೆ ಕಾಯುತ್ತಿದ್ದನಂತೆ. ಆ ಸಂಜೆ ಇವರು ಊಟ ಮಾಡಲಿಲ್ಲ. ಪೂರ್ವಕ್ಕೆ ಇಂಥವರದು, ಪಶ್ಚಿಮಕ್ಕೆ ಇಂಥವರದು ಎಂದು ಮಂದಿಯ ಜಮೀನಿಗೆಲ್ಲ ಚಕ್ಕುಬಂದಿ ಬರೆದು ಬರೆದು ಕೈ ಸೋತಿದೆ ಎಂದರು.

“ಯಾರೂ ಕಲ್ಲು ಹುಗಿಯಾಕ ಬರಲಾರದಂಥಾ ಮನಿ ಒಂದು ಬೇಕಾಗೇದ ಪೂರ್ಣಿಮಾ. ಚಕ್ಕುಬಂದಿ ಇಲ್ಲದ್ದು.”

ಅದರ ಮುಂದಿನ ಚಳಿಗಾಲದಲ್ಲಿ ಆಫೀಸಿನವರ ಜೊತೆ ಕೇರಳಕ್ಕೆ ಹೋದರು. ಉಳಿದವರು ಸಮುದ್ರ ನೋಡಲು ಹೋದರೆ ಇವರು ಕಾಲುವೆಯ ದಂಡೆ ಹಿಡಿದು ನಡೆದು, ಈ ದೋಣಿಯನ್ನೂ ಅದರ ಮುದಿ ಯಜಮಾನನನ್ನೂ ಹುಡುಕಿಕೊಂಡು ಬಂದರು. ಮುದುಕನ ಮಕ್ಕಳಿಗೆ ದೋಣಿ ಬೇಡವಾಗಿತ್ತು. ಜನ ವಾಸವಿದ್ದರೆ ಕಟ್ಟಿಗೆ ಬಾಳಿಕೆ ಬರುತ್ತದೆ, ಬಂದು ಇರಿ ಎಂದನಂತೆ. ಇಷ್ಟರ ಮೇಲೆ ಇವರದು ಒಂದೇ ಷರತ್ತು. ನಾನು ಹೂಂ ಎಂದರೆ ಇಬ್ಬರೂ ನೌಕರಿ ಬಿಟ್ಟು ಹೋಗುವುದು, ಒಲ್ಲೆ ಎಂದರೆ ಆ ಮಾತು ಅಲ್ಲಿಗೇ ಬಿಟ್ಟಂತೆ. ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಆರಾಮಾಗಿ ಕುಳಿತರು.

ನಾನು ಒಲ್ಲೆ ಎಂದೆ. ಒಂದು ವರ್ಷ ಪೂರ್ತಿ ಎಂದೆ. ನನ್ನದು ಇನ್ನೂ ಆರು ವರ್ಷದ ಸರ್ವಿಸು ಇತ್ತು. ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೆ ಅಪವರ್ತನ ತಲೆಗೆ ಹತ್ತಿಸಬೇಕಾದರೆ ನಾನೇ ಬೇಕು ಎಂಬ ಜಂಬವೂ ಇತ್ತು. ಸೊಳ್ಳೆ, ಹಾವು, ಮಲಯಾಳಂ ಎಲ್ಲವನ್ನೂ ಮುಂದೆ ಮಾಡಿದೆ. ನೆಹರೂ ನಗರದಲ್ಲಿ ಭಾವ ಗುರುಪುತ್ರಪ್ಪನವರ ಮನೆಯಲ್ಲಿರುವ ಅತ್ತೆ ಬಸವಣ್ಣೆವ್ವನಿಗೂ ಸುದ್ದಿ ಮುಟ್ಟಿಸಿದೆ. ಆಕೆ ಮಗನನ್ನು ಕರೆಸಿ, ಹೊಸ್ತಿಲೇ ಇಲ್ಲದ ಮನೆಯಲ್ಲಿ ಸೊಸೆ ಸಂಜೆಯ ದೀಪ ಎಲ್ಲಿ ಇಡಬೇಕೆಂದು ಕೇಳಿದರು. ಇವರು ನಕ್ಕು, ತಲೆಬಾಗಿಲಿಗೆ ಒಂದು ಹಲಗೆ ಬಡಿಸುತ್ತೇನೆ ಎಂದರು. ಅತ್ತೆ ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡಿದ್ದು ನೋಡಿ ನನ್ನ ಮೈ ಉರಿಯಿತು.

ಒಂದು ದಿನ ಇವರು ಅಳತೆಯ ಟೇಪು, ಬಿಳಿ ಬಣ್ಣದ ಡಬ್ಬಿ ಹಿಡಿದು ಟೆರೇಸಿಗೆ ಹೋದರು. ಸಂಜೆ ಹತ್ತಿ ನೋಡಿದರೆ ನೆಲದ ಮೇಲೆ ದೋಣಿ ಬರೆದಿತ್ತು. ಉದ್ದ ನಲವತ್ತೆರಡು ಅಡಿ, ನಡುವೆ ಅಗಲ ಒಂಬತ್ತು, ಎರಡೂ ತುದಿ ಚೂಪು. ಒಳಗೆ ಒಲೆಗೆ ಒಂದು ಚೌಕ, ಮಂಚಗಳಿಗೆ ಎರಡು ಆಯತ, ನೀರಿನ ಹಂಡೆಗೆ ಒಂದು ವೃತ್ತ. ಎಲ್ಲವನ್ನೂ ಅಲ್ಲಿ ಅಳೆದು ಬರೆದುಕೊಂಡು ಬಂದಿದ್ದರು, ಅಂಗುಲಕ್ಕೆ ಅಂಗುಲ ಸರಿ. ಇನ್ನು ಮೇಲೆ ರಜೆಯ ದಿನಗಳನ್ನು ಇದರೊಳಗೇ ಕಳೆಯೋಣ, ರೂಢಿಯಾಗುತ್ತದೆ ಎಂದರು. ಗೆರೆ ದಾಟಿದರೆ ನೀರಿಗೆ ಬಿದ್ದ ಲೆಕ್ಕ.

ಬೇರೆ ಯಾರಾದರೂ ಹೀಗೆ ಮಾಡುತ್ತಾರೆಯೇ? ಸರ್ವೇಯರ್ ಅಲ್ಲದವನಿಗೆ ಇಂಥದು ಹೊಳೆಯುವುದೂ ಇಲ್ಲ. ಮೊದಲ ಭಾನುವಾರ ನಾನು ಸಿಟ್ಟಿನಲ್ಲೇ ಹತ್ತಿದೆ. ತಗಡಿನ ನೆರಳು ಕಟ್ಟಿದ್ದರು, ಸಣ್ಣ ಗ್ಯಾಸ್ ಒಲೆ ಇಟ್ಟಿದ್ದರು. ಪಕ್ಕದ ಮನೆಯ ಸತ್ಯವ್ವ ತನ್ನ ಟೆರೇಸಿನಿಂದ ಮೊಸರಿನ ಗಿಂಡಿ ಚಾಚಿದಳು. ನಾನು ಇಸಿದುಕೊಳ್ಳಲು ಹೋದರೆ ಇವರು ಹಿಂದಿನಿಂದ, ಹುಷಾರು, ಬೀಳುತ್ತೀ ಎಂದರು. ಸತ್ಯವ್ವ ಕಣ್ಣು ಬಾಯಿ ಬಿಟ್ಟು ನೋಡಿದಳು. ಇದು ದೋಣಿಯಲ್ಲ, ಹಿಂಡಲಗಾ ಎಂದು ನಾನು ರೇಗಿದೆ. ಅಲ್ಲಿ ಜೈಲಿದೆ, ನಮ್ಮ ಊರಲ್ಲಿ ಆ ಹೆಸರು ಹೇಳಿದರೆ ಬೇರೆ ಅರ್ಥವೇ ಇಲ್ಲ.

ಆದರೆ ಮೂರು ನಾಲ್ಕು ತಿಂಗಳಲ್ಲಿ ಏನೋ ಆಯಿತು. ಒಲೆಯಿಂದ ಮಂಚಕ್ಕೆ ಮೂರು ಹೆಜ್ಜೆ, ಮಂಚದಿಂದ ದೋಣಿಯ ಮೂತಿಗೆ ಏಳು ಹೆಜ್ಜೆ ಎಂಬುದು ಕಾಲಿಗೇ ತಿಳಿಯತೊಡಗಿತು. ಕೆಳಗಿನ ಮನೆಯಲ್ಲಾದರೆ ನಾನು ಸಿಟ್ಟಾದಾಗ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂಬತ್ತು ಅಡಿ ಅಗಲದಲ್ಲಿ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗುವುದು? ಅಲ್ಲೇ ಕುಳಿತು ಮಾತಾಡಿದೆವು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಕೇಳದ ಸಂಗತಿಗಳನ್ನು ಕೇಳಿದೆ. ಚಿಕ್ಕಂದಿನಲ್ಲಿ ಇವರಿಗೆ ತಬಲಾ ಕಲಿಯುವ ಆಸೆ ಇತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನಾನೂ ನನ್ನವು ಒಂದೆರಡು ಹೇಳಿದೆ. ಆದರೂ ಒಲ್ಲೆ ಎಂಬ ಮಾತು ಬಿಟ್ಟಿರಲಿಲ್ಲ.

ಆಷಾಢದ ಮಳೆ ಹಿಡಿಯಿತು. ಬೆಳಗಾವಿಯ ಮಳೆ ಗೊತ್ತಲ್ಲ, ಒಮ್ಮೆ ಕುಳಿತಿತೆಂದರೆ ಹದಿನೈದು ದಿನ ಏಳುವುದಿಲ್ಲ. ಸತ್ಯವ್ವನ ಬಾದಾಮಿ ಮರದ ಎಲೆಗಳು ನಮ್ಮ ಟೆರೇಸಿನ ಪೈಪಿಗೆ ಸಿಕ್ಕು ನೀರು ನಿಂತಿತ್ತು. ಬಿಡಿಸಿ ಬರೋಣ ಎಂದು ಒಂದು ಕೋಲು ಹಿಡಿದು, ಕೊಡೆ ಬಿಚ್ಚಿ ಹತ್ತಿದೆ.

ಪಾದ ಮುಳುಗುವಷ್ಟು ನೀರು. ಅದರ ತಳದಲ್ಲಿ ದೋಣಿಯ ಬಿಳಿ ಗೆರೆಗಳು ಅಲುಗುತ್ತಿದ್ದವು. ಒಲೆಯ ಚೌಕ ಅಲುಗುತ್ತಿತ್ತು, ನನ್ನ ಮಂಚ ಅಲುಗುತ್ತಿತ್ತು. ನಾನು ಗೆರೆ ದಾಟಿ ಒಳಗೆ ಹೋಗಿ ಅಡಿಗೆಯ ಜಾಗದಲ್ಲಿ ನಿಂತೆ. ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿತ್ತು, ನೀರಿನ ಮೇಲಿನ ಸಣ್ಣ ತೆರೆಗಳೆಲ್ಲ ನನ್ನನ್ನು ದಾಟಿ ಹಿಂದಕ್ಕೆ ಹೋಗುತ್ತಿದ್ದವು. ಆಮೇಲೆ ಸತ್ಯವ್ವನ ಮನೆ ಮೆಲ್ಲಗೆ ಹಿಂದೆ ಸರಿಯಿತು. ಅವಳ ಕರಿಯ ನೀರಿನ ಟಾಕಿ ಹೋಯಿತು, ಬಾದಾಮಿ ಮರ ಹೋಯಿತು, ಅದರಾಚೆಯ ಮನೆಗಳು ಮಂಜಿನಲ್ಲಿ ಒಂದೊಂದಾಗಿ ಹೋದವು. ಕೊಡೆ ಯಾವಾಗ ಕೆಳಗಿಳಿಸಿದೆನೋ ತಿಳಿಯದು. ಎಲ್ಲಿಂದಲೋ ಹಸಿ ಭತ್ತದ ವಾಸನೆ ಬಂತು. ದಂಡೆಯ ಮೇಲೆ ಯಾರೋ ಹೆಂಗಸರು ನಿಂತು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಹೆಸರು ಕೇಳುವಷ್ಟರಲ್ಲಿ ದಾಟಿ ಹೋಗಿದ್ದೆ. ತೆರೆ ಓಡಿದರೆ ನಿಂತವರಿಗೆ ತಾವೇ ಓಡಿದಂತೆ ತೋರುತ್ತದೆ ಎಂದು ಹುಡುಗಿಯರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೇಳಿದರೆ ಹೇಳಿದೆ. ನನ್ನ ಎದೆಯೊಳಗೆ ಬಹಳ ವರ್ಷದಿಂದ ಬಿಗಿದಿದ್ದುದು ಏನೋ ಸಡಿಲವಾಯಿತು, ನನಗೆ ಸುಖವೆನಿಸಿತು. ಪೈಪು ಬಿಡಿಸದೆ ಕೆಳಗಿಳಿದೆ.

ಇವರು ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದರು.

“ಹೂಂ. ಹೋಗೂಣ್ರಿ,” ಎಂದೆ.

ಸೋಸುವ ಕೈ ನಿಂತಿತು. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದುಕೊಂಡೆ. ಮರುದಿನ ನಡುಮನೆಯ ಮಾಳಿಗೆ ತೊಟ್ಟಿಕ್ಕತೊಡಗಿದಾಗ ಪೈಪಿನ ವಿಷಯಕ್ಕೆ ನನ್ನನ್ನು ಚೆನ್ನಾಗಿ ಬೈದರು.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ? ನನಗೆ ನಾಚಿಕೆಯಾಗುತ್ತದೆ. ಐವತ್ತನಾಲ್ಕು ವರ್ಷದ ಹೆಂಗಸು, ಕರಿಹಲಗೆಯ ಮುಂದೆ ನಿಂತವಳು ಎಲ್ಲೋ ಹೋಗಿಬಿಡುತ್ತಿದ್ದೆ. ಕನಸಿನಲ್ಲಿ ಕಾಲುವೆಯ ಎರಡೂ ದಂಡೆಗೆ ನನ್ನ ಹುಡುಗಿಯರು ಸಾಲಾಗಿ ಕುಳಿತಿರುತ್ತಿದ್ದರು. ನಾನು ದೋಣಿಯಲ್ಲಿ ಸಾಗುತ್ತ ಒಬ್ಬೊಬ್ಬಳಿಗೆ ಒಂದೊಂದು ಪ್ರಶ್ನೆ ಕೇಳುವುದು, ಅವರು ಉತ್ತರ ಹೇಳುವ ಮೊದಲೇ ಮುಂದೆ ಹೋಗುವುದು. ತಪ್ಪೋ ಸರಿಯೋ ನೋಡುವ ಗೊಡವೆಯೇ ಇಲ್ಲ. ಎದ್ದ ಮೇಲೂ ಮಂಚ ತೂಗಿದಂತೆ ಇರುತ್ತಿತ್ತು. ಇವರಿಗೆ ಹೇಳಿದರೆ ಮುಗುಳ್ನಗುತ್ತಿದ್ದರು, ಆಮೇಲೆ ಡೈರಿ ತೆಗೆದು ಒಯ್ಯಬೇಕಾದ ಸಾಮಾನಿನ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುತ್ತಿದ್ದರು. ಪಟ್ಟಿ ಉದ್ದವಾಗುತ್ತಲೇ ಹೋಯಿತು.

ಶ್ರಾವಣದ ಮೊದಲ ಸೋಮವಾರ ಇಬ್ಬರೂ ಸ್ವಯಂ ನಿವೃತ್ತಿಯ ಅರ್ಜಿ ಕೊಡುವುದೆಂದು ಗೊತ್ತು ಮಾಡಿಕೊಂಡೆವು. ಅವತ್ತು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಇಬ್ಬರೂ ಒಬ್ಬರ ಹಣೆಗೆ ಒಬ್ಬರು ವಿಭೂತಿ ಹಚ್ಚಿ ಹೊರಟೆವು. ನಮ್ಮ ಹೆಡ್‌ಮಿಸ್ಟ್ರೆಸ್ಸು ಮೂರು ಸಲ ಕೇಳಿದರು, ಮೂರು ಸಲವೂ ಹೌದು ಎಂದೆ. ಸಂಜೆ ಇವರನ್ನು ಕೇಳಿದೆ. ಕೊಟ್ಟೆ, ಆದೇಶ ಬರಬೇಕು ಎಂದರು. ನನ್ನದು ಬಂತು, ಕೆಲವು ದಿನಕ್ಕೆ ತಮ್ಮದೂ ಬಂತು ಎಂದರು. ಮಿಕ್ಸರ್, ಉಪ್ಪಿನಕಾಯಿಯ ಭರಣಿ, ದೊಡ್ಡ ಪಾತ್ರೆಗಳನ್ನೆಲ್ಲ ಧಾರವಾಡಕ್ಕೆ ಮಗಳ ಮನೆಗೆ ಕಳಿಸಿದೆ. ಕಾರ್ತಿಕದ ಕೊನೆಗೆ ಶಾಲೆಯಲ್ಲಿ ನನ್ನನ್ನು ಬೀಳ್ಕೊಟ್ಟರು. ಹುಡುಗಿಯರು ಅತ್ತರು. ಅಳುತ್ತೀರೇಕೆ ಎಂದು ಅವರಿಗೆ ಬೈದು ನಾನೂ ಅತ್ತೆ.

ಇವರ ಆಫೀಸಿನಲ್ಲಿ ಮಾತ್ರ ಬೀಳ್ಕೊಡುಗೆಯ ಸುದ್ದಿಯೇ ಇಲ್ಲ. ನಮ್ಮಲ್ಲಿ ಅದೆಲ್ಲ ಪದ್ಧತಿ ಇಲ್ಲ ಎಂದುಬಿಟ್ಟಿದ್ದರು. ಮೂವತ್ತು ವರ್ಷ ದುಡಿದ ಮನುಷ್ಯ ಬರಿಗೈಲಿ ಎದ್ದು ಬರುವುದೇ ಎಂದು ನನಗೆ ಸಂಕಟ. ಹೊರಡಲು ಹತ್ತು ದಿನ ಇದೆ ಎನ್ನುವಾಗ ಐವತ್ತು ಹೋಳಿಗೆ ಮಾಡಿ, ಇವರಿಗೆ ಹೇಳದೆ, ಮಧ್ಯಾಹ್ನದ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಬಾಗಿಲಲ್ಲೇ ಭರಮಣ್ಣ ಸಿಕ್ಕ. ಇವರು ನೌಕರಿಗೆ ಸೇರಿದಾಗಿನಿಂದ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದವನು ಅವನೇ. ಡಬ್ಬಿ ನೋಡಿ, ಇವತ್ತು ಯಾವ ಹಬ್ಬ ಎಂದು ಕೇಳಿದ. ನಿಮ್ಮ ಸಾಹೇಬರು ನಿಮ್ಮನ್ನು ಬಿಟ್ಟು ಹೊರಟಿದ್ದಾರಲ್ಲ, ಬಾಯಿ ಸಿಹಿ ಮಾಡಿಕೊಳ್ಳಿ ಎಂದೆ. ಭರಮಣ್ಣ ನಕ್ಕ. ನಾನು ನಗದೆ ಇದ್ದುದನ್ನು ಕಂಡು ನಿಲ್ಲಿಸಿದ.

“ಎಲ್ಲಿ ಹೊಂಟಾರ್ರಿ ಅಕ್ಕಾರ? ಯುಗಾದಿ ಆದಮ್ಯಾಲೆ ಗುಂಜಿಗೆ ಐದನೇ ಅಳತಿ ಐತ್ರಿ. ಮೊನ್ನಿ ಸಾಹೇಬ್ರ ಸ್ವತಾ ತಾರೀಖು ಬರದು ಕೊಟ್ಟಾರ.”

ಹೋಳಿಗೆಯ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಸಾಹೇಬರು ಎಲ್ಲಿದ್ದಾರೆ ಎಂದೆ. ದಿನಾ ಊಟದ ಹೊತ್ತಿಗೆ ಹೊಳೆಗೆ ಹೋಗುತ್ತಾರೆ ಎಂದ. ಅದೂ ನನಗೆ ಗೊತ್ತಿರಲಿಲ್ಲ.

ಮಲಪ್ರಭೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ನಾನು ಬೆಳಿಗ್ಗೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ ಹಾಗೇ ಪಕ್ಕದಲ್ಲಿತ್ತು, ಕಣ್ಣು ಹರಿಯುವ ನೀರಿನ ಮೇಲಿತ್ತು. ನನ್ನನ್ನು ಕಂಡು ಎದ್ದು ನಿಂತರು. ಯಾಕೆ ಬಂದೆ ಎಂದು ಕೇಳಲಿಲ್ಲ. ಅದರಿಂದಲೇ ಎಲ್ಲ ತಿಳಿಯಿತು.

“ಅರ್ಜಿ ಕೊಟ್ಟೇ ಇಲ್ಲೇನ್ರಿ?”

“ಇಲ್ಲ.”

“ಯಾಕ?”

ಮತ್ತೆ ಕುಳಿತರು. ಬಿಚ್ಚಿದ ಬುತ್ತಿಯನ್ನು ಮತ್ತೆ ಕಟ್ಟುತ್ತ ಹೇಳಿದರು.

“ನೀ ಒಲ್ಲೆ ಅನ್ನೂತನಕ ನಾ ದಿನಾ ಮನಸಿನ್ಯಾಗ ಆ ದೋಣಿಗೆ ಹೋಗಿ ಬರ್ತಿದ್ದೆ. ರೈಲಿನ್ಯಾಗ ಕುಂತು ಹೋಗ್ತಿದ್ದೆ, ಇಲ್ಲಿ ಕುಂತು ಹೋಗ್ತಿದ್ದೆ. ನೀ ಹೂಂ ಅಂದಿ, ಈಗ ಖರೇ ಹೋಗಬೇಕಾತು. ನನಗ ಅಂಜಿಕಿ ಬರ್ತದ ಪೂರ್ಣಿಮಾ. ನನಗ ಟೆರೇಸಿನ ಮ್ಯಾಲಿನ ದೋಣಿನ ಸಾಕಿತ್ತು.”

ಎಲಾ ಇವರ, ಎಂದು ಶುರುಮಾಡಿದವಳು ಅರ್ಧ ಗಂಟೆ ನಿಲ್ಲಿಸಲಿಲ್ಲ. ಆರು ವರ್ಷದ ಸರ್ವಿಸು, ಅತ್ತ ಹುಡುಗಿಯರು, ನಾಲ್ಕು ತಿಂಗಳ ಸುಳ್ಳು ಎಲ್ಲವನ್ನೂ ಎತ್ತಿ ಆಡಿದೆ. ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು, ಕೇಳಲಿ ಎಂದುಕೊಂಡೆ. ಒಲ್ಲೆ ಅನ್ನುವ ಕೆಲಸವನ್ನು ನನಗೆ ವಹಿಸಿ ತಾವು ಕನಸು ಕಾಣುತ್ತ ಕೂರುವುದು ಯಾವ ನ್ಯಾಯ ಎಂದೂ ಕೇಳಿದೆ. ಕೊನೆಗೆ ದನಿ ಸೋತು ನಾನೂ ಪಕ್ಕದಲ್ಲಿ ಕುಳಿತೆ.

ಬೈದದ್ದೆಲ್ಲ ಬೈದ ಮೇಲೆ ಒಳಗೆ ಒಂದೇ ಉಳಿದಿತ್ತು. ಸುಳ್ಳು ಹೇಳಿದ್ದಕ್ಕೆ ಇಷ್ಟು ನೋವಾಗಿರಲಿಲ್ಲ. ನನಗೆ ಆ ದೋಣಿ ಬೇಕಾಗಿತ್ತು. ಗಂಡನ ಆಸೆಗಾಗಿ ಒಪ್ಪಿದವಳು ನಾನು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ನನಗೂ ಹೇಳಿಕೊಂಡಿದ್ದೆ. ಅದು ಖರೆ ಅಲ್ಲ. ಆ ಮಳೆಯಲ್ಲಿ ನಿಂತಿದ್ದಾಗ ಇವರು ನನ್ನ ಜೊತೆ ಇರಲೇ ಇಲ್ಲ. ಇಲ್ಲವೆಂಬುದು ಆಗ ನನಗೆ ನೆನಪೂ ಆಗಿರಲಿಲ್ಲ.

ಸಂಜೆ ಸ್ಟೇಷನ್ನಿಗೆ ಒಟ್ಟಿಗೇ ನಡೆದೆವು. ದಾರಿಯಲ್ಲಿ ಇವರು, ನಾಳೆಯೇ ಅರ್ಜಿ ಕೊಡುತ್ತೇನೆ, ಮೂರು ತಿಂಗಳು ತಡವಾದರೂ ಹೋಗೋಣ ಎಂದರು. ಮುಖ ನೋಡಿದೆ. ಜ್ವರಕ್ಕೆ ಕಷಾಯ ಕುಡಿಯುವಾಗಿನ ಮುಖ. ಕರೆದುಕೊಂಡು ಹೋದರೆ ಬರುತ್ತಾರೆ. ಬಂದು, ನನಗೆ ತಿಳಿಯದ ಹಾಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ, ನೆಲ ಯಾವಾಗ ಸಿಕ್ಕೀತು ಎಂದು ಕಾಯುತ್ತ. ಇಪ್ಪತ್ತೆಂಟು ವರ್ಷದಲ್ಲಿ ಅಷ್ಟಾದರೂ ಈ ಮನುಷ್ಯನನ್ನು ಓದಿದ್ದೇನೆ. ಇಲ್ಲೇ ಉಳಿದರೆ ಹಾಗೆ ಮಲಗುವವಳು ನಾನು.

ರೈಲು ತಡವಿತ್ತು. ಕಲ್ಲು ಬೆಂಚಿನ ಮೇಲೆ ಕುಳಿತೆವು. ಎದುರಿನ ಹಳಿಯಾಚೆ ಬಿಸಿಲು ಹಳದಿಯಾಗಿ ಮಲಗಿತ್ತು. ದೋಣಿಯ ಯಜಮಾನನ ನಂಬರು ಕೊಡಿ ಎಂದೆ. ಇವರು ತಮ್ಮ ಫೋನನ್ನೇ ಕೊಟ್ಟರು. ಅಲ್ಲಿಯವರೆಗೆ ಮಾತಾಡಿದ್ದೆಲ್ಲ ಇವರೇ, ನಾನು ಆ ಮುದುಕನ ದನಿಯನ್ನೂ ಕೇಳಿರಲಿಲ್ಲ. ನನ್ನದು ಹರಕು ಹಿಂದಿ, ಅವನದು ಅದಕ್ಕಿಂತ ಹರಕು. ಸರ್ವೇಯರ್ ಸಾಹೇಬರ ಹೆಂಡತಿ ಎಂದೊಡನೆ ಮುದುಕನಿಗೆ ಹಿಗ್ಗು. ಹಲಗೆಗಳಿಗೆಲ್ಲ ಎಣ್ಣೆ ಕುಡಿಸಿ ಇಟ್ಟಿದ್ದೇನೆ, ಛಾವಣಿಯ ಚಾಪೆ ಹೊಸದು ಹೊದಿಸಿದ್ದೇನೆ ಎಂದ. ಒಂದನೇ ತಾರೀಖು ಬರುತ್ತೇನೆ ಎಂದೆ. ಆಗ ಕೇಳಿದ, ಎಷ್ಟು ಜನರಿಗೆ ಹಾಸಿಗೆ ಹಾಕಿಸಲಿ, ಇಬ್ಬರೇ ತಾನೆ?

ಅವನ ದನಿ ದೊಡ್ಡದು, ಪಕ್ಕದಲ್ಲಿ ಕುಳಿತ ಇವರಿಗೂ ಕೇಳಿಸಿತು. ಇವರ ಕೈ ಬಂದು ನನ್ನ ಮೊಣಕೈ ಹಿಡಿಯಿತು. ಬೆರಳು ತಣ್ಣಗಿದ್ದವು.

“ಎರಡು ಅಂತ ಹೇಳು,” ಎಂದರು.

ಈ ಮನುಷ್ಯನನ್ನು ಬಿಟ್ಟು ಒಂದು ವಾರವೂ ಎಲ್ಲಿಯೂ ಇದ್ದವಳಲ್ಲ ನಾನು. ರಾತ್ರಿ ಮಾತ್ರೆ ನೆನಪು ಮಾಡುವವರು ಯಾರು, ನನ್ನ ಬೈಗುಳ ಕೇಳಿಕೊಂಡು ಸುಮ್ಮನೆ ಕೂರುವವರು ಯಾರು? ಹೂಂ, ಎರಡು ಎಂದುಬಿಟ್ಟರೆ ಈ ಬೆರಳು ಬೆಚ್ಚಗಾಗುತ್ತವೆ. ನನಗೆ ಅಷ್ಟೂ ಗೊತ್ತಿತ್ತು.

“ಏಕ್,” ಎಂದೆ.

ಮುದುಕ ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಕೇಳಿದ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಇಬ್ಬರಿಗೂ ಕೇಳುವ ಹಾಗೆ ಅದನ್ನೇ ಹೇಳಿದೆ.